ಯಾವ ಗಾಡಿ ಗುದ್ದಿತು?

ಸೈಕಲ್ಲಿನಿಂದ ಬಿದ್ದು ಆಸ್ಪತ್ರೆಗೆ ಹೋದವರನ್ನು ಮೊದಲು ಕೇಳುವುದು ಎಲ್ಲಿ ನೋವು ಅಂತಲ್ಲ, ಯಾವ ಗಾಡಿ ಗುದ್ದಿತು ಅಂತ. ಬೈಕು, ಕಾರು, ಲಾರಿ ಅಂದರೆ ಕೇಳಿದವರ ಮುಖ ಗಂಭೀರವಾಗುತ್ತದೆ, ಪೆನ್ನು ಓಡುತ್ತದೆ. "ಗಾಡಿ ಅಲ್ಲ, ನಾಯಿ" ಅಂದರೆ ಪೆನ್ನು ನಿಲ್ಲುತ್ತದೆ. "ಕಚ್ಚಿತಾ?" ಇಲ್ಲ, ಕಚ್ಚಲಿಲ್ಲ, ಚಕ್ರಕ್ಕೆ ಅಡ್ಡ ಬಂತು. "ಓ, ನೀವೇ ಬಿದ್ದಿದ್ದು." ಅಲ್ಲಿಗೆ ಆ ಅಪಘಾತದ ಕಥೆ ಮುಗಿಯಿತು. ಮನೆಯಲ್ಲೂ ಅಷ್ಟೇ, ಆಫೀಸಿನಲ್ಲೂ ಅಷ್ಟೇ. ಲಾರಿಗೆ ಸಿಕ್ಕಿ ಕೈ ಮುರಿದುಕೊಂಡವನಿಗೆ ಅಯ್ಯೋ ಅನ್ನುವವರು ನಾಯಿಗೆ ಗುದ್ದಿ ಕೈ ಮುರಿದುಕೊಂಡವನ ಮುಂದೆ ನಗು ತಡೆಯಲಾಗದೆ ಆಚೆ ನೋಡುತ್ತಾರೆ. ಮುರಿದ ಮೂಳೆಗೆ ಮಾತ್ರ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ನಾನು ಬರೆಯಹೊರಟಿರುವುದು ಇಂಥ ಬೀಳುಗಳ ಬಗ್ಗೆಯೇ: ಗಾಡಿ ಓಡಾಡದ ದಾರಿಯಲ್ಲಿ ಪ್ರಾಣಿಗೋ ನಡೆಯುವವರಿಗೋ ಸೈಕಲ್ ಗುದ್ದಿ ಆಗುವ ಗಾಯ.

ನನ್ನ ನಾಯಿಯ ಪ್ರಕರಣ ದೊಡ್ಡದೇನಲ್ಲ. ಅದು ಮಣ್ಣುದಾರಿ. ಗಾಡಿ ಬರಬಾರದೆಂದೇ ಎರಡೂ ತುದಿಯಲ್ಲಿ ಕಲ್ಲು ಹೂತಿದ್ದರು. ಬೆಳಗಿನ ಹೊತ್ತು, ಹದವಾದ ವೇಗ, ಎಡಗಡೆ ಎದೆಮಟ್ಟದ ಪೊದೆ. ಪೊದೆಯೊಳಗಿಂದ ಎರಡು ನಾಯಿಗಳು ಒಂದನ್ನೊಂದು ಅಟ್ಟಿಸಿಕೊಂಡು ನುಗ್ಗಿದವು. ನನ್ನ ಮೇಲೆ ಬಂದದ್ದಲ್ಲ. ನಾನು ಅಲ್ಲಿದ್ದೇನೆ ಅನ್ನುವುದೇ ಅವಕ್ಕೆ ಗೊತ್ತಿರಲಿಲ್ಲ. ಮುಂದಿನದು ದಾಟಿಕೊಂಡಿತು, ಹಿಂದಿನದು ದಾಟಲಿಲ್ಲ. ಗುದ್ದಿದ ಸದ್ದು ನೆನಪಿಲ್ಲ. ನೆನಪಿರುವುದು ಕೈಯಲ್ಲಿದ್ದ ಹ್ಯಾಂಡಲ್ ನನ್ನನ್ನು ಕೇಳದೆ ತಾನೇ ಬಲಕ್ಕೆ ತಿರುಗಿಕೊಂಡದ್ದು. ಆಮೇಲೆ ಅಂಗೈಗೆ ಜಲ್ಲಿ, ಬಾಯಿಗೆ ಧೂಳು. ನಾಯಿ ಒಮ್ಮೆ ಕುಂಯ್ ಎಂದು ಎದ್ದು, ನಾಲ್ಕು ಹೆಜ್ಜೆ ಕುಂಟಿ, ಐದನೆಯದಕ್ಕೆ ಸರಿಯಾಗಿ, ಬಿಟ್ಟ ಜಗಳ ಮುಂದುವರಿಸಲು ಓಡಿಹೋಯಿತು.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಏನೂ ಕಾಣಿಸ್ತಿಲ್ಲ" ಅಂದರು. ಎದ್ದು ಹೊರಡೋಣ ಅನ್ನುವಷ್ಟರಲ್ಲಿ ನನ್ನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ, ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಬೀಳುವ ಸಣ್ಣ ಕುಳಿಯನ್ನು ತಮ್ಮ ಬೆರಳ ತುದಿಯಿಂದ ಒತ್ತಿದರು. ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. "ಚಿತ್ರ ಚೆನ್ನಾಗೇ ಇದೆ, ಆದ್ರೂ ಕಟ್ಟು ಹಾಕ್ತೀನಿ. ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಯೋಣ" ಅಂದರು. ಎರಡನೆಯ ಚಿತ್ರದಲ್ಲಿ ಗೆರೆ ಕಾಣಿಸಿತು. ಸ್ಕೇಫಾಯ್ಡ್ ಎನ್ನುವ, ಗೋಡಂಬಿಯಷ್ಟು ದೊಡ್ಡ ಮೂಳೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಖಾನೆಗಳು

ಲೆಕ್ಕದ ಪುಸ್ತಕದಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲವೇನೋ ಎಂದುಕೊಂಡಿದ್ದೆ. ಇದೆ, ಬಹಳ ಅಚ್ಚುಕಟ್ಟಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳನ್ನೂ ಗಾಯಗಳನ್ನೂ ವರ್ಗೀಕರಿಸಲು ಮಾಡಿಟ್ಟ ಪಟ್ಟಿ ಐಸಿಡಿ. ಅದರ ಹತ್ತನೆಯ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ವಿ10ರಿಂದ ವಿ19ರ ತನಕದ ಸಂಕೇತಗಳು ಸೈಕಲ್ ಸವಾರರಿಗೇ ಮೀಸಲು. ಕಾರು ಗುದ್ದಿದರೆ ವಿ13, ಲಾರಿಯೋ ಬಸ್ಸೋ ಆದರೆ ವಿ14, ರೈಲಾದರೆ ವಿ15, ಮರಕ್ಕೋ ಗೋಡೆಗೋ ನಾವೇ ಹೋಗಿ ಬಡಿದರೆ ವಿ17. ಈ ಸಾಲಿನ ಮೊದಲ ಮನೆ, ವಿ10, ಪಾದಚಾರಿಗೆ ಅಥವಾ ಪ್ರಾಣಿಗೆ ಡಿಕ್ಕಿ ಹೊಡೆದವರದ್ದು. ಅದರೊಳಗೂ ಮೊದಲ ಕೋಣೆ ವಿ10.0: ಸಾರ್ವಜನಿಕ ರಸ್ತೆಯಲ್ಲದ ಕಡೆ ಹೀಗೆ ಡಿಕ್ಕಿಯಾಗಿ, ಸೈಕಲ್ ತುಳಿಯುತ್ತಿದ್ದವರಿಗೇ ಆದ ಗಾಯ. ನನಗೆಂದೇ ಮಾಡಿಟ್ಟ ಹಾಗಿದೆ. ಹಿಂದೆ ಕೂತವರಿಗೆ ಪೆಟ್ಟಾದರೆ ವಿ10.1. 2022ರಿಂದ ಹನ್ನೊಂದನೆಯ ಆವೃತ್ತಿ ಜಾರಿಗೆ ಬಂದಿದೆಯಾದರೂ ಹಳೆಯದರ ಬಳಕೆ ನಿಂತಿಲ್ಲ.

ಆದರೆ ಈ ಖಾನೆಗಳ ನಡುವಿನ ಗೋಡೆಗಳನ್ನು ನೋಡಿ. ನಾಯಿಗೆ ಚಕ್ರ ತಾಗಿ ಬಿದ್ದರೆ ವಿ10. ನಾಯಿಗೆ ತಾಗಬಾರದೆಂದು ಹ್ಯಾಂಡಲ್ ತಿರುಗಿಸಿ, ಅದರ ಕೂದಲೂ ಸೋಕದೆ ಬಿದ್ದರೆ ವಿ18, ಅಂದರೆ ಡಿಕ್ಕಿಯೇ ಇಲ್ಲದ ಬೀಳು. ನಾಯಿಯಿಂದ ತಪ್ಪಿಸಿಕೊಂಡು ಮರಕ್ಕೆ ಹೋಗಿ ಬಡಿದರೆ ವಿ17ರ ಪಾಲು. ಒಂಟಿ ಕುದುರೆಗೆ ಗುದ್ದಿದರೆ ವಿ10, ಅದೇ ಕುದುರೆಯ ಬೆನ್ನ ಮೇಲೆ ಒಬ್ಬ ಕೂತಿದ್ದರೆ ವಿ16. ಇನ್ನು ಸೈಕಲ್ ಗುದ್ದಿಸಿಕೊಂಡ ಪಾದಚಾರಿ ಈ ಸಾಲಿನಲ್ಲೇ ಇಲ್ಲ. ಆತನ ಗಾಯ ಬೇರೆ ಕಡೆ, ವಿ01ರಲ್ಲಿ. ಒಂದೇ ಗಳಿಗೆಯಲ್ಲಿ ಒಂದೇ ಜಾಗದಲ್ಲಿ ಬಿದ್ದ ಇಬ್ಬರು ಪಟ್ಟಿಯಲ್ಲಿ ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ನಾಯಿಯಂತೂ, ಸವಾರ ಸ್ವಲ್ಪ ಚುರುಕಾಗಿದ್ದರೆ ಸಾಕು, ಲೆಕ್ಕದಿಂದಲೇ ಮಾಯ.

ಇದೆಲ್ಲ ಯಾರಾದರೂ ಸರಿಯಾಗಿ ಬರೆದುಕೊಂಡರೆ ಮಾತ್ರ. ರಸ್ತೆ ಅಪಘಾತಗಳ ಅಂಕಿಅಂಶ ಬಹುಮಟ್ಟಿಗೆ ಪೊಲೀಸರ ದಾಖಲೆಯಿಂದ ಹುಟ್ಟುತ್ತದೆ. ಬ್ರಿಟನ್ನಿನಲ್ಲಿ ಪೊಲೀಸರು ತುಂಬುವ ಸ್ಟ್ಯಾಟ್ಸ್19 ನಮೂನೆಯೂ ಸಾರ್ವಜನಿಕ ರಸ್ತೆಯಲ್ಲಿ ಆದದ್ದನ್ನಷ್ಟೇ ಎಣಿಸುತ್ತದೆ. ಕಾಡಿನ ಕಾಲುದಾರಿ, ಪಾರ್ಕಿನ ಒಳಗಿನ ದಾರಿ, ಬಯಲು, ಹೊಲದ ಬದು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಗಾಡಿಯಿಲ್ಲದ ದಾರಿ ಸುರಕ್ಷಿತ ಎಂದು ನಾವೆಲ್ಲ ಧೈರ್ಯವಾಗಿ ಹೇಳುತ್ತೇವಲ್ಲ, ಆ ಮಾತಿನ ಹಿಂದೆ ಎಷ್ಟು ಎಣಿಕೆ ಇದೆ ಎನ್ನುವುದೇ ನನ್ನ ಅನುಮಾನ. ಸತ್ತರೆ ಎಣಿಸುತ್ತಾರೆ. ಮಣಿಕಟ್ಟು ಮುರಿದರೆ ಇಲ್ಲ.

ಎಣಿಕೆಗೆ ಬಾರದ್ದು ಕಥೆಯಾಗಿ ಉಳಿಯುತ್ತದೆ, ಅದರಲ್ಲೂ ಎರಡೇ ಜಾತಿಯ ಕಥೆ. ಒಂದು ತಮಾಷೆ. 2011ರಲ್ಲಿ ದಕ್ಷಿಣ ಆಫ್ರಿಕಾದ ಆಲ್ಬರ್ಟ್ ಫಾಲ್ಸ್ ಅಣೆಕಟ್ಟೆಯ ಬಳಿ ಮೌಂಟನ್ ಬೈಕ್ ರೇಸಿನಲ್ಲಿದ್ದ ಹುಡುಗನೊಬ್ಬನನ್ನು ಹಾರ್ಟ್‌ಬೀಸ್ಟ್ ಎನ್ನುವ ದೊಡ್ಡ ಜಿಂಕೆಯಂಥ ಪ್ರಾಣಿ ಪಕ್ಕದಿಂದ ಓಡಿಬಂದು ಗುದ್ದಿ ಕೆಡವಿದ ವಿಡಿಯೊ ಜಗತ್ತೆಲ್ಲ ಸುತ್ತಿತು. ನೀವೂ ನೋಡಿರುತ್ತೀರಿ, ನಕ್ಕಿರುತ್ತೀರಿ. ಇನ್ನೊಂದು ವೀರಗಾಥೆ. 2007ರ ಟೂರ್ ದ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಸವಾರ ಸ್ಯಾಂಡಿ ಕಸಾರ್ ನಾಯಿ ಅಡ್ಡಬಂದು ಬಿದ್ದು, ಎದ್ದು, ಆ ದಿನದ ಹಂತ ಗೆದ್ದ. 1999ರ ಅದೇ ರೇಸಿನಲ್ಲಿ ಆಲ್ಪ್ ಡ್ಯುಯೆಜ್ ಬೆಟ್ಟ ಏರುವಾಗ ಕ್ಯಾಮೆರಾ ಹಿಡಿದು ದಾರಿ ಮಧ್ಯೆ ನಿಂತ ಪ್ರೇಕ್ಷಕನಿಗೆ ಗುದ್ದಿ ಬಿದ್ದ ಜುಸೆಪ್ಪೆ ಗ್ವೆರಿನಿಯೂ ಎದ್ದು ಗೆದ್ದ. ಇವೆರಡೂ ಡಾಂಬರು ರಸ್ತೆಯ ರೇಸುಗಳು, ನನ್ನ ವಿಷಯದ ಅಂಚಿನವು. ಆದರೂ ಹೇಳಿದ್ದು ಯಾಕೆಂದರೆ, ಬಿದ್ದವನು ಒಂದೋ ನಗಿಸಬೇಕು, ಇಲ್ಲಾ ಗೆಲ್ಲಬೇಕು. ಸುಮ್ಮನೆ ಬಿದ್ದು, ಆರು ವಾರ ಎಡಗೈಯಲ್ಲಿ ಹಲ್ಲುಜ್ಜಿದವನ ಕಥೆ ಯಾರಿಗೂ ಬೇಡ.

ಎದುರಿಗಿರುವುದಕ್ಕೂ ತಲೆಯಿದೆ

ಗೋಡೆಗೆ ಗುದ್ದುವುದಕ್ಕೂ ಜೀವಕ್ಕೆ ಗುದ್ದುವುದಕ್ಕೂ ಇರುವ ವ್ಯತ್ಯಾಸ ನನಗೆ ನಿಧಾನಕ್ಕೆ ಹೊಳೆಯಿತು. ಗೋಡೆ ಇದ್ದಲ್ಲೇ ಇರುತ್ತದೆ, ತಪ್ಪಿಸಿಕೊಳ್ಳುವ ಲೆಕ್ಕಾಚಾರವೆಲ್ಲ ನಮ್ಮದು. ಹಸು, ನಾಯಿ, ಮನುಷ್ಯ ಹಾಗಲ್ಲ. ನಾವು ಅತ್ತ ತಿರುಗಬೇಕು ಎಂದು ನಿರ್ಧರಿಸುವ ಅರೆಕ್ಷಣದಲ್ಲಿ ಅವೂ ಒಂದು ನಿರ್ಧಾರಕ್ಕೆ ಬಂದಿರುತ್ತವೆ, ಅದು ಅದೇ ಕಡೆಗೇ ಆಗಿರುವ ಸಾಧ್ಯತೆ ಬಹಳ. ಕಿರಿದಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಒಟ್ಟಿಗೇ ಸರಿದು ಕೊನೆಗೆ ನಕ್ಕುಬಿಡುತ್ತಾರಲ್ಲ, ಅದೇ ಆಟ. ಇಲ್ಲಿ ನಗುವುದಕ್ಕೆ ಪುರಸೊತ್ತು ಇರುವುದಿಲ್ಲ, ಅಷ್ಟೇ.

ಪ್ರಾಣಿಗಳ ನಿರ್ಧಾರಕ್ಕೆ ಒಂದು ಕ್ರಮವಿದೆ. ಜಾನುವಾರುಗಳ ವರ್ತನೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಟೆಂಪಲ್ ಗ್ರಾಂಡಿನ್ ವಿವರಿಸುವ ಎರಡು ಸಂಗತಿ ಸೈಕಲ್ ತುಳಿಯುವವರಿಗೆ ತುಂಬಾ ಉಪಯೋಗದವು. ಒಂದು, ಪ್ರತಿ ಪ್ರಾಣಿಯ ಸುತ್ತಲೂ ಕಣ್ಣಿಗೆ ಕಾಣದ ಒಂದು ವಲಯವಿರುತ್ತದೆ. ಅದರೊಳಗೆ ಕಾಲಿಟ್ಟರೆ ಪ್ರಾಣಿ ಕದಲುತ್ತದೆ, ಹೊರಗಿದ್ದರೆ ತಲೆಯೆತ್ತಿ ನೋಡುತ್ತದೆ ಅಷ್ಟೇ. ಪಳಗಿದ ಹಸುವಿಗೆ ಆ ವಲಯ ಚಿಕ್ಕದು, ಮನುಷ್ಯರ ರೂಢಿಯಿಲ್ಲದ ಹೋರಿಗೆ ಬಹಳ ದೊಡ್ಡದು. ಎರಡು, ಪ್ರಾಣಿಯ ಹೆಗಲ ಹತ್ತಿರ ಒಂದು ಗೆರೆ ಎಳೆದುಕೊಳ್ಳಿ. ಗೆರೆಯ ಹಿಂದಿನಿಂದ ಬಂದರೆ ಪ್ರಾಣಿ ಮುಂದಕ್ಕೆ ಓಡುತ್ತದೆ, ಮುಂದಿನಿಂದ ಬಂದರೆ ಹಿಂದಕ್ಕೆ ಸರಿಯುತ್ತದೆ. ಈಗ ಯೋಚಿಸಿ. ದಾರಿಬದಿಯಲ್ಲಿ ಓರೆಯಾಗಿ, ದಾರಿಯ ಕಡೆಗೇ ತಲೆಹಾಕಿ ಹಸುವೊಂದು ಮೇಯುತ್ತಿದೆ. ನಾವು ಅದರ ಬಾಲದ ಕಡೆಯಿಂದ ಬರುತ್ತಿದ್ದೇವೆ. ತೀರಾ ಬೆನ್ನ ಹಿಂದಿನದು ಅದರ ಕಣ್ಣಿಗೆ ಬೀಳುವುದಿಲ್ಲ. ಸೈಕಲ್ಲಿಗೆ ಸದ್ದೂ ಇಲ್ಲ. ಇದ್ದಕ್ಕಿದ್ದಂತೆ ಪಕ್ಕೆಯ ಹತ್ತಿರ ಏನೋ ಸರ್ರೆಂದಾಗ ಅದು ಮಾಡುವುದು ಒಂದೇ ಕೆಲಸ, ಮುಂದಕ್ಕೆ ನುಗ್ಗುವುದು. ಮುಂದಕ್ಕೆ ಅಂದರೆ ನಮ್ಮ ದಾರಿಗೆ. ಹಸು ದಡ್ಡತನದಿಂದ ಅಡ್ಡಬಂತು ಅನ್ನುತ್ತೇವೆ. ಅದು ತನ್ನ ಮಟ್ಟಿಗೆ ಸರಿಯಾಗಿಯೇ ಓಡಿದೆ.

ನಾಯಿಯ ವಿಚಾರ ಬೇರೆ. ಅಟ್ಟಿಸಿಕೊಂಡು ಬರುವ ನಾಯಿಯನ್ನು ಕಂಡು ನಮಗೆ ಹೆದರಿಕೆ. ಓಡುವುದನ್ನು ಕಂಡು ಅದಕ್ಕೆ ಉಮೇದು. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಂತರೆ ಬಹಳಷ್ಟು ನಾಯಿಗಳಿಗೆ ಆಸಕ್ತಿಯೇ ಹೋಗಿಬಿಡುತ್ತದೆ. ನಾನು ಹೆಚ್ಚು ಹೆದರುವುದು ಸಾಧು ನಾಯಿಗೆ. ಮಾಲೀಕರು ದಾರಿಯ ಈ ಪಕ್ಕ, ನಾಯಿ ಆ ಪಕ್ಕ ಮೂಸುತ್ತಾ ನಿಂತಿದೆ, ನಡುವೆ ಎಳೆದಷ್ಟೂ ಉದ್ದವಾಗುವ ಸಣ್ಣ ಹಗ್ಗ. ಸಂಜೆ ಬೆಳಕಿನಲ್ಲಿ ಮೊಣಕಾಲೆತ್ತರಕ್ಕೆ ಬಿಗಿದ ಆ ಹಗ್ಗ ಕಾಣಿಸುವುದು ಹತ್ತಿರ ಬಂದ ಮೇಲೆಯೇ. ಚಿಕ್ಕ ಪ್ರಾಣಿಗಳೂ ಕಡಿಮೆಯೇನಲ್ಲ. 2006ರಲ್ಲಿ ಹೆಲ್ಸಿಂಕಿಯಲ್ಲಿ ಒಪೆರಾ ಗಾಯಕರೊಬ್ಬರ ಸೈಕಲ್ಲಿನ ಚಕ್ರದ ಕಡ್ಡಿಗಳ ನಡುವೆ ಅಳಿಲು ನುಗ್ಗಿ, ಅವರು ಬಿದ್ದು ಪ್ರಜ್ಞೆ ತಪ್ಪಿ ಮೂಗು ಮುರಿದುಕೊಂಡರು.

ಇದರ ಇನ್ನೊಂದು ತುದಿಯಲ್ಲಿ ತಮಾಷೆಗೆ ಜಾಗವೇ ಇಲ್ಲದ ಪ್ರಕರಣವಿದೆ. 2016ರ ಜೂನ್ ಕೊನೆಗೆ ಅಮೆರಿಕದ ಮೊಂಟಾನಾದಲ್ಲಿ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಕಾಡುದಾರಿಯಲ್ಲಿ, ಸೈಕಲ್ ಸವಾರರೊಬ್ಬರು ತಿರುವಿನಲ್ಲಿ ಗ್ರಿಜ್ಲಿ ಕರಡಿಗೆ ಡಿಕ್ಕಿ ಹೊಡೆದರು. ಕರಡಿ ಅವರನ್ನು ಕೊಂದಿತು. ಅವರು ಕಾಡು ಗೊತ್ತಿಲ್ಲದವರಲ್ಲ, ಅರಣ್ಯ ಇಲಾಖೆಯಲ್ಲೇ ಕೆಲಸದಲ್ಲಿದ್ದವರು. ಆಮೇಲೆ ನಡೆದ ಪರಿಶೀಲನೆಯಲ್ಲಿ ಎದ್ದುಬಂದದ್ದು ವೇಗ ಮತ್ತು ಕಾಣದ ತಿರುವು. ಗಂಟೆಗೆ 32ರಿಂದ 40 ಕಿಲೋಮೀಟರಿನಷ್ಟು ವೇಗವಿದ್ದಿರಬೇಕು, ಕರಡಿ ಕಂಡ ಮೇಲೆ ಸಿಕ್ಕಿದ್ದು ಒಂದೆರಡು ಸೆಕೆಂಡು ಎಂದು ಅಂದಾಜು ಮಾಡಿದರು. ನಡೆದುಕೊಂಡು ಹೋಗುವವನ ಸದ್ದು, ವಾಸನೆ ಕರಡಿಗೆ ಮೊದಲೇ ತಲುಪುತ್ತದೆ. ಸೈಕಲ್ಲು ತನ್ನ ಸುದ್ದಿ ತಲುಪುವ ಮೊದಲೇ ತಾನು ತಲುಪಿಬಿಡುತ್ತದೆ.

ಮಣ್ಣಿನ ಮೇಲೆ ಬ್ರೇಕ್

ಒಂದೆರಡು ಸೆಕೆಂಡು ಅಂದೆ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಅಡ್ಡಬಂದದ್ದನ್ನು ಕಂಡು ಬೆರಳು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಹೋದರೆ ಆ ಐದೂವರೆ ಮೀಟರ್ ಸುಮ್ಮನೆ ಕಳೆಯಿತು. ಒಣಗಿದ ಗಟ್ಟಿ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಿಡಿದರೆ ಆಮೇಲೆ ಮೂರು ಮೀಟರಿನಲ್ಲಿ ನಿಲ್ಲಬಹುದು. ಸಡಿಲ ಜಲ್ಲಿಯ ಮೇಲೆ ಟಯರಿನ ಹಿಡಿತ ಅದರ ಅರ್ಧದಷ್ಟಿದ್ದರೆ ಆರು ಮೀಟರ್ ಬೇಕು. ಒಟ್ಟು ಹನ್ನೆರಡು ಮೀಟರ್ ಹತ್ತಿರ. ವೇಗ 30ಕ್ಕೆ ಏರಿದರೆ ಅದೇ ಜಲ್ಲಿಯ ಮೇಲೆ 22 ಮೀಟರ್. ಕಾಡಿನ ಕಾಲುದಾರಿಯಲ್ಲಿ ಮುಂದಿನ 22 ಮೀಟರ್ ಪೂರ್ತಿ ಕಾಣಿಸುವ ಜಾಗ ಎಷ್ಟಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಅದೂ ಸರಿಯಾಗಿ ಬ್ರೇಕ್ ಹಿಡಿದವನ ಲೆಕ್ಕ. ಬೆಚ್ಚಿಬಿದ್ದ ಕೈ ಮುಂದಿನ ಬ್ರೇಕನ್ನು ಪೂರ್ತಿ ಅದುಮಿಬಿಡುತ್ತದೆ. ಗಟ್ಟಿ ನೆಲದಲ್ಲಾದರೆ ಹಿಂದಿನ ಚಕ್ರ ಮೇಲೆದ್ದು ಸವಾರ ಹ್ಯಾಂಡಲ್ಲಿನ ಮೇಲಿಂದ ಆಚೆ ಹೋಗುತ್ತಾನೆ. ಮರಳು ಮಣ್ಣಿನಲ್ಲಾದರೆ ಮುಂದಿನ ಚಕ್ರ ಜಾರಿ ಪಕ್ಕಕ್ಕೆ ಕೆಡವುತ್ತದೆ. ಬ್ರೇಕ್ ಹಿಡಿಯದೆ ಗುದ್ದಿದರೆ? ಸೈಕಲ್ ನೆಟ್ಟಗೆ ನಿಲ್ಲುವುದೇ ಮುಂದಿನ ಚಕ್ರ ವಾಲಿದ ಕಡೆಗೆ ಸದಾ ಸಣ್ಣಗೆ ತಿರುಗುತ್ತಾ ತನ್ನನ್ನು ತಾನು ಸರಿಪಡಿಸಿಕೊಳ್ಳುವುದರಿಂದ. ನಾಯಿಯ ಮೈ ಚಕ್ರದ ಪಕ್ಕಕ್ಕೆ ಒತ್ತಿದ ಗಳಿಗೆಯಲ್ಲಿ ಆ ತಿರುಗಾಟ ನಿಲ್ಲುತ್ತದೆ. ನಾಯಿ ನಮ್ಮ ಮೂರನೇ ಒಂದು ಭಾಗ ತೂಕವೂ ಇರದಿದ್ದರೂ ಬೀಳುವುದು ನಾವು. ಅದು ನಾಲ್ಕು ಕಾಲಿನ ಮೇಲಿದೆ, ನಾವು ಎರಡು ಚಕ್ರದ ಮೇಲೆ.

ಬಿದ್ದ ಮೇಲೆ

ಬೀಳುವಾಗ ಕೈ ಮುಂದೆ ಹೋಗುವುದು ನಮ್ಮ ಕೈಯಲ್ಲಿಲ್ಲ. ಮೈಯ ಭಾರವೆಲ್ಲ ಚಾಚಿದ ಅಂಗೈಯ ಮೂಲಕ ಮೇಲಕ್ಕೇರುತ್ತದೆ. ದಾರಿಯಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಮುರಿಯುತ್ತದೆ: ಮಣಿಕಟ್ಟಿನ ಮೇಲಿನ ಮೂಳೆ, ಮೊಣಕೈಯ ರೇಡಿಯಸ್ ಮೂಳೆಯ ತಲೆ, ಇಲ್ಲವೇ ಕೊರಳ ಪಕ್ಕದ ಕಾಲರ್ ಬೋನ್. ಹೆಗಲ ಮೇಲೆಯೇ ನೇರ ಬಿದ್ದರೂ ಕಾಲರ್ ಬೋನ್ ಹೋಗುತ್ತದೆ, ಸಾಮಾನ್ಯವಾಗಿ ನಟ್ಟನಡುವೆ. ಅದು ಮುರಿದರೆ ಅನುಮಾನಕ್ಕೆ ಎಡೆಯಿಲ್ಲ, ಕೈಯಿಂದ ಮುಟ್ಟಿದರೇ ಗೊತ್ತಾಗುತ್ತದೆ. ಸ್ಕೇಫಾಯ್ಡ್ ಹಾಗಲ್ಲ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಅದೇ, ಅತಿ ಸುಲಭವಾಗಿ ತಪ್ಪಿಸಿಕೊಳ್ಳುವುದೂ ಅದೇ. ಊತ ಅಷ್ಟಿರುವುದಿಲ್ಲ, ಬೆರಳು ಆಡುತ್ತದೆ, ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಆ ಮೂಳೆಗೆ ರಕ್ತ ಹೋಗುವುದು ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ, ಹಿಂದಕ್ಕೆ. ನಡುವೆ ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ನಿಂತು ಅದು ಸತ್ತೇಹೋಗಬಹುದು. ಉಳುಕಿರಬೇಕು ಎಂದು ಎಣ್ಣೆ ತಿಕ್ಕಿಕೊಂಡು ಕೂತವರು ವರ್ಷ ಕಳೆದ ಮೇಲೆ ಕೂಡದ ಮೂಳೆ ಹೊತ್ತುಕೊಂಡು ಆಪರೇಷನ್ನಿಗೆ ಬರುವುದು ಹೀಗೆ. ಆ ಡಾಕ್ಟರು ಚಿತ್ರವನ್ನು ನಂಬದೆ ಬೆರಳನ್ನು ನಂಬಿದ್ದು ನನ್ನ ಪುಣ್ಯ.

ಹೊಟ್ಟೆಯ ಪೆಟ್ಟು ಇದಕ್ಕಿಂತ ಕಳ್ಳ. ಚಕ್ರ ಅಡ್ಡ ತಿರುಗಿ ನಿಂತಾಗ ಹ್ಯಾಂಡಲ್ಲಿನ ಒಂದು ತುದಿ ಸವಾರನ ಹೊಟ್ಟೆಗೆ ಎದುರಾಗಿ ನಿಲ್ಲುತ್ತದೆ. ಮಕ್ಕಳಲ್ಲಿ ಇದು ಹೆಚ್ಚು. ವೇಗವೇನೂ ಬೇಕಿಲ್ಲ, ಮನೆಯ ಮುಂದಿನ ಬಯಲಿನಲ್ಲಿ ನಿಧಾನಕ್ಕೆ ಬಿದ್ದರೂ ಸಾಕು. ಹೊರಗೆ ಒಂದು ದುಂಡನೆಯ ಕೆಂಪು ಗುರುತು, ಕೆಲವೊಮ್ಮೆ ಅದೂ ಇಲ್ಲ. ಒಳಗೆ ಲಿವರ್ ಅಥವಾ ಗುಲ್ಮ ಹರಿದಿರಬಹುದು, ಮೇದೋಜೀರಕ ಗ್ರಂಥಿ ಬೆನ್ನುಮೂಳೆಗೆ ಒತ್ತಿ ಜಜ್ಜಿರಬಹುದು. ಮಗು ಅತ್ತು, ಸಮಾಧಾನವಾಗಿ, ಮತ್ತೆ ಆಡಲು ಹೋಗುತ್ತದೆ. ಗಂಟೆಗಳಾದ ಮೇಲೆ, ಒಮ್ಮೊಮ್ಮೆ ಮರುದಿನ, ಹೊಟ್ಟೆನೋವು ಎಂದು ಮುದುಡಿಕೊಳ್ಳುತ್ತದೆ, ವಾಂತಿ ಮಾಡುತ್ತದೆ. ಆಗ ತಾಯಿತಂದೆಗೆ ನಿನ್ನೆಯ ಬೀಳು ನೆನಪಾಗಬೇಕು, ನೆನಪಾಗಿ ಡಾಕ್ಟರಿಗೆ ಹೇಳಬೇಕು. ಬಿದ್ದದ್ದನ್ನು ಯಾರೂ ಅಪಘಾತವೆಂದೇ ಎಣಿಸದಿದ್ದರೆ ಹೇಳುವವರು ಯಾರು? ಹ್ಯಾಂಡಲ್ಲಿನ ತುದಿಯ ರಬ್ಬರು ಹರಿದು ಬರೀ ಕೊಳವೆ ಕಾಣುತ್ತಿರುವ ಮಕ್ಕಳ ಸೈಕಲ್ಲು ಕಂಡರೆ ಅದು ಯಾರದ್ದೇ ಆಗಿರಲಿ, ನಾನು ನಿಲ್ಲಿಸಿ ತೋರಿಸುತ್ತೇನೆ. ಕಿರಿಕಿರಿ ಮನುಷ್ಯ ಅಂದುಕೊಳ್ಳಲಿ.

ಹೆಲ್ಮೆಟ್ ಬಗ್ಗೆ ವಾದ ಎಬ್ಬಿಸುವುದಿಲ್ಲ, ನಾನು ಹಾಕುತ್ತೇನೆ. ಆದರೆ ಅದರ ಮಿತಿ ಗೊತ್ತಿರಲಿ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸಿ ನೋಡುತ್ತಾರೆ. ತಾಗುವ ವೇಗ ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ ಇಪ್ಪತ್ತರ ಒಳಗೆ. ತಲೆ ನೆಲಕ್ಕೆ ಬೀಳುವುದಕ್ಕೆ ಅದು ಸರಿಯಾದ ಲೆಕ್ಕ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಜಜ್ಜಿಹೋಗಿರುತ್ತದೆ. ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬದಲಾಯಿಸಲೇಬೇಕು. ಬಿದ್ದ ದಿನ ಚೆನ್ನಾಗಿಯೇ ಇದ್ದು ಆಮೇಲೆ ತಲೆನೋವು, ವಾಕರಿಕೆ, ಮರೆವು, ಮಂಕು ಶುರುವಾದರೆ ಅದಕ್ಕೆ ನಿದ್ದೆಗೇಡು ಎಂಬ ಹೆಸರಿಟ್ಟು ತಳ್ಳಿಹಾಕಬಾರದು.

ಇನ್ನೊಂದು ಮಾತು. ನಾಯಿ ಕಚ್ಚಲಿಲ್ಲ ಎಂದ ಕೂಡಲೇ ಎಲ್ಲರೂ ನಿರಾಳ. ಆದರೆ ಚರ್ಮ ಕಿತ್ತುಹೋದ ಮೊಣಕಾಲಿಗೆ ನಾಯಿಯ ಜೊಲ್ಲು ತಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೇಬೀಸ್ ವಿಷಯದಲ್ಲಿ ಮೂರನೆಯ, ಎಂದರೆ ಅತಿ ಗಂಭೀರ ವರ್ಗಕ್ಕೇ ಸೇರಿಸುತ್ತದೆ. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆಯುವುದು, ಲಸಿಕೆ, ಮೊದಲು ಲಸಿಕೆ ಪಡೆಯದವರಿಗೆ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಎನ್ನುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು, ಎಲ್ಲವೂ ಬೇಕು. ಮಣ್ಣು ಹೊಕ್ಕ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದಿನ ಲೆಕ್ಕವೂ ನೋಡಿಕೊಳ್ಳಬೇಕು. ಅಂಗೈಯೊಳಗೆ ಉಳಿದ ಜಲ್ಲಿಪುಡಿಯನ್ನು ಅಂದೇ ಉಜ್ಜಿ ತೆಗೆಯದಿದ್ದರೆ ಚರ್ಮದಡಿ ನೀಲಿ ಹಚ್ಚೆಯಾಗಿ ಕೂರುತ್ತದೆ. ಉಜ್ಜುವಾಗ ಆಗುವ ನೋವು ಬಿದ್ದಾಗಿನದಕ್ಕಿಂತ ಹೆಚ್ಚು, ಇದು ಅನುಭವದ ಮಾತು.

ಅಮ್ಮನ ತೋಳು

ಈ ತನಕ ಬರೆದದ್ದೆಲ್ಲ ಸೈಕಲ್ ಮೇಲೆ ಕೂತವರ ಕಥೆ. ನೆಲದ ಮೇಲೆ ನಡೆಯುವವರ ಕಡೆಯಿಂದ ಇದು ಹೇಗೆ ಕಾಣುತ್ತದೆ ಅನ್ನುವುದು ನನಗೆ ಅಮ್ಮನ ಜೊತೆ ನಡೆಯುವಾಗ ತಿಳಿಯಿತು. ಸಂಜೆ, ಮರಗಳ ನಡುವಿನ ದಾರಿ. ಅಮ್ಮ ಬಲಗಡೆ, ನಾನು ಎಡಗಡೆ, ಏನೋ ಮಾತು. ಹಿಂದಿನಿಂದ ಗಂಟೆ ಕೇಳಿಸಿತು. ಅಮ್ಮ ಯಾವ ಕಡೆಯಿಂದ ಅಂತ ಬಲಹೆಗಲ ಮೇಲಿಂದ ತಿರುಗಿ ನೋಡಿದಳು. ಹಾಗೆ ತಿರುಗುವಾಗ ಕಾಲೂ ಒಂದು ಹೆಜ್ಜೆ ಬಲಕ್ಕೇ ಹೋಯಿತು. ಸೈಕಲ್ ಬರುತ್ತಿದ್ದುದೂ ಬಲಗಡೆಯಿಂದಲೇ. ಹ್ಯಾಂಡಲ್ಲಿನ ತುದಿ ಅಮ್ಮನ ತೋಳಿಗೆ ಬಡಿಯಿತು. ಅವಳು ನನ್ನ ಮೇಲೆ ವಾಲಿದ್ದರಿಂದ ನೆಲಕ್ಕೆ ಬೀಳಲಿಲ್ಲ. ಹುಡುಗ ಮಾತ್ರ ಮೂರು ಮೀಟರ್ ಆಚೆ ಸೈಕಲ್ ಸಮೇತ ಬಿದ್ದ.

ಹುಡುಗ ಒಳ್ಳೆಯವನೇ. ಮೊಣಕಾಲಿನಿಂದ ರಕ್ತ ಸೋರುತ್ತಿದ್ದರೂ ಎದ್ದು ಬಂದ. "ಸಾರಿ ಆಂಟಿ, ಬೆಲ್ ಹೊಡೆದೆ, ನೀವು ಈ ಕಡೆಗೇ ಬಂದುಬಿಟ್ರಿ" ಅಂದ. ಅಮ್ಮ ತೋಳು ಹಿಡಿದುಕೊಂಡೇ, "ನೀನು ಯಾವ ಕಡೆಯಿಂದ ಬರ್ತೀಯಾ ಅಂತ ನಿನ್ನ ಬೆಲ್ ಹೇಳಲಿಲ್ಲವಲ್ಲಪ್ಪ" ಅಂದಳು. ಅವನಲ್ಲಿ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ಮರುದಿನ ಆ ತೋಳಿನಲ್ಲಿ ಎದ್ದು ಕಂಡದ್ದು ಒಂದು ನಾಣ್ಯದಗಲದ ನೇರಳೆ ವೃತ್ತ, ಅದರ ನಡುವೆ ಚರ್ಮದ ಬಣ್ಣದ ಚಿಕ್ಕ ಚುಕ್ಕೆ. ಹ್ಯಾಂಡಲ್ ಕೊಳವೆಯ ಬಾಯಿ ಅಚ್ಚೊತ್ತಿದಂತೆ ಮೂಡಿತ್ತು. ಅಮ್ಮನಿಗೆ ತೋಳಿನ ಎತ್ತರಕ್ಕೆ ಸಿಕ್ಕಿದ್ದು ಐದು ವರ್ಷದ ಮಗುವಿಗೆ ಮುಖದ ಎತ್ತರ. ಅಮ್ಮನ ವಯಸ್ಸಿನವರು ಪಕ್ಕಕ್ಕೆ ಬಿದ್ದರೆ ಸೊಂಟದ ಮೂಳೆ, ಕೈಯೂರಿ ಬಿದ್ದರೆ ಮಣಿಕಟ್ಟು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಸೊಂಟ ಮುರಿದ ಮೇಲೆ ಮೊದಲಿನಂತೆ ಓಡಾಡಲಾಗದೇ ಹೋದ ಹಿರಿಯರನ್ನು ನೀವೂ ಕಂಡಿರುತ್ತೀರಿ. ಹುಡುಗನಿಗೆ ಅದು ತರಚಿದ ಮೊಣಕಾಲು, ಇಂಥ ಜಾಗದಲ್ಲಿ ಬಿದ್ದೆ ಅನ್ನುವ ನೆನಪು. ಅವನು ಗೆಳೆಯರಿಗೆ ಹೇಳುವಾಗ ಆಂಟಿಯೊಬ್ಬರು ಅಡ್ಡಬಂದರು ಎಂದೇ ಹೇಳಿರುತ್ತಾನೆ. ನಾಯಿ ಅಡ್ಡಬಂತು ಎಂದು ನಾನು ಮೇಲೆ ಬರೆದೆನಲ್ಲ, ಹಾಗೆ.

ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಅಂತ ಒಂದಿದೆ, 1988ರಲ್ಲಿ ಹುಟ್ಟಿದ್ದು. ಕಾಲುದಾರಿಯ ಸವಾರರಿಗೆ ಅದು ಮಾಡಿದ ನಿಯಮಗಳಲ್ಲಿ ನಡೆಯುವವರಿಗೆ ದಾರಿ ಬಿಡಿ, ಪ್ರಾಣಿಗಳನ್ನು ಬೆದರಿಸಬೇಡಿ ಎರಡೂ ಇವೆ. ಓದಿದರೆ ಸೌಜನ್ಯದ ಪಾಠದಂತೆ ಕಾಣುತ್ತವೆ. ಹಿಂದಿನ ಲೆಕ್ಕಗಳನ್ನೆಲ್ಲ ಮಾಡಿದ ಮೇಲೆ ನನಗೆ ಅವು ಮೂಳೆ ಉಳಿಸಿಕೊಳ್ಳುವ ಉಪಾಯದಂತೆ ಕಾಣುತ್ತಿವೆ. ಎದುರಿನವರ ನಿರ್ಧಾರ ಏನಿರುತ್ತದೋ ಗೊತ್ತಿಲ್ಲ ಎಂದಾಗ, ಅವರು ನಿರ್ಧರಿಸಿ ಮುಗಿಸುವ ತನಕ ಕಾಯುವುದೊಂದೇ ಖಚಿತವಾದ ದಾರಿ.

ನನ್ನ ಜೊತೆ ಸೈಕಲ್ ತುಳಿಯುವ ಗೆಳೆಯನಿಗೆ ಇದು ಒಪ್ಪಿಗೆಯಿಲ್ಲ. ಗಂಟೆ ದೂರದಿಂದಲೇ ಹೊಡೆಯಬೇಕು, ಹತ್ತಿರ ಬಂದು ಹೊಡೆಯುವುದೇ ತೊಂದರೆ, ಅಷ್ಟು ಮಾಡಿದರೆ ಸಾಕು ಎನ್ನುತ್ತಾನೆ. ದೂರದಿಂದ ಹೊಡೆದರೆ ಕಿವಿ ಮಂದವಾದವರಿಗೆ ಕೇಳುವುದಿಲ್ಲ, ಹಾಡು ಹಾಕಿಕೊಂಡವರಿಗೂ ಕೇಳುವುದಿಲ್ಲ, ಹಸುವಿಗೆ ಕೇಳಿದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ ಎನ್ನುತ್ತೇನೆ ನಾನು. ನಡಿಗೆಯ ವೇಗಕ್ಕೆ ಇಳಿದು, "ನಿಮ್ಮ ಬಲಗಡೆಯಿಂದ ಹೋಗ್ತೀನಿ" ಎಂದು ಬಾಯಿಬಿಟ್ಟು ಹೇಳುವುದು ಮೇಲು. ಹೀಗೆ ಪ್ರತಿಯೊಬ್ಬರಿಗೂ ನಿಧಾನ ಮಾಡುತ್ತಾ ಹೋದರೆ ನಡೆದುಕೊಂಡೇ ಹೋಗಬಹುದಿತ್ತಲ್ಲ ಎಂದು ಅವನು. ಜನ ಹೆಚ್ಚಿರುವ ಹೊತ್ತಿನಲ್ಲಿ ಹೌದು, ಹಾಗೇ ಎಂದು ನಾನು. ಹೋದ ಭಾನುವಾರವೂ ಇದೇ ವಾದವಾಯಿತು. ಅವನು ಗಂಟೆ ಹೊಡೆಯುತ್ತಾ ಮುಂದೆ ಹೋದ, ನಾನು ಹಿಂದೆ ಉಳಿದೆ. ಮುಂದಿನ ತಿರುವಿನಲ್ಲಿ ಅವನು ಇಳಿದು ನಿಂತಿದ್ದ, ಎದುರಿಗೆ ಒಂದು ಕರು ದಾರಿಯ ನಟ್ಟನಡುವೆ ನಿಂತು ಅವನ ಗಂಟೆಯನ್ನೇ ನೋಡುತ್ತಿತ್ತು. "ಈಗೇನು ಮಾಡೋದು ಹೇಳು" ಅಂದ.